ಸಿವಿಕ್ ಆಟೊಮ್ಯಾಟಿಕ್: ಗೇರ್‌ಬಾಕ್ಸ್ ಮೌಂಟ್ ಮತ್ತು ಆಯಿಲ್ ಬದಲಿಸುವ ಕ್ರಮ

2006ರಲ್ಲಿ ಭಾರತಕ್ಕೆ ಬಂದ ಹೋಂಡಾ ಸಿವಿಕ್‌ನ 1.8 ಲೀಟರ್, ಐದು ಗೇರ್‌ಗಳ ಆಟೊಮ್ಯಾಟಿಕ್ ಮಾದರಿಯನ್ನು ಗಮನದಲ್ಲಿಟ್ಟು ಈ ಕ್ರಮವನ್ನು ವಿವರಿಸಲಾಗಿದೆ. ಇದರ ಗೇರ್‌ಬಾಕ್ಸಿನ ತಳದಲ್ಲಿ ಬಿಚ್ಚಬಹುದಾದ ತಗಡಿನ ಪ್ಯಾನ್ ಇಲ್ಲ. ಒಳಗಿನ ಜಾಲರಿ ಫಿಲ್ಟರ್ ಗೇರ್‌ಬಾಕ್ಸನ್ನೇ ಬಿಚ್ಚಿದಾಗ ಮಾತ್ರ ಕೈಗೆ ಸಿಗುತ್ತದೆ. ಆದ್ದರಿಂದ ಮನೆಯಲ್ಲಿ ಮಾಡಬಹುದಾದ ಸರ್ವಿಸ್ ಎಂದರೆ ಆಯಿಲ್ ಬದಲಾವಣೆಯೇ. ಮೌಂಟ್ ಎಂದರೆ ಗೇರ್‌ಬಾಕ್ಸನ್ನು ಕಾರಿನ ದೇಹಕ್ಕೆ ಹಿಡಿದಿಡುವ ರಬ್ಬರಿನ ಆಧಾರ. ಅದರ ಕೆಲಸಕ್ಕೆ ಎಂಜಿನ್ ತಣ್ಣಗಿರಬೇಕು, ಆಯಿಲ್ ಕೆಲಸಕ್ಕೆ ಬೆಚ್ಚಗಿರಬೇಕು. ಹಾಗಾಗಿ ಬೆಳಿಗ್ಗೆ ಮೊದಲು ಮೌಂಟ್ ಮುಗಿಸಿಕೊಳ್ಳುವುದು ಅನುಕೂಲ.

ಬ್ರೇಕ್ ಒತ್ತಿಹಿಡಿದು ರಿವರ್ಸ್‌ನಿಂದ ಡ್ರೈವ್‌ಗೆ ಹಾಕಿದಾಗ ಎಡಬದಿಯಿಂದ 'ಧಡ್' ಎಂಬ ಸದ್ದು ಬಂದರೆ ಮೌಂಟಿನ ರಬ್ಬರನ್ನು ಪರೀಕ್ಷಿಸಬೇಕು. ಮೇಲಿನಿಂದ ಸರಿಯಾಗಿ ಕಾಣುವ ರಬ್ಬರ್, ಗೇರ್‌ಬಾಕ್ಸನ್ನು ಜಾಕಿನಿಂದ ಸ್ವಲ್ಪ ಎತ್ತಿದೊಡನೆ ಬಾಯಿಬಿಟ್ಟಂತೆ ಸೀಳನ್ನು ತೋರಿಸುವುದುಂಟು.

ಮೌಂಟ್ ಬ್ಯಾಟರಿ ತಟ್ಟೆಯ ಕೆಳಗಿದೆ. ಆಡಿಯೊ ಸಿಸ್ಟಮ್‌ಗೆ ಕೋಡ್ ಇದ್ದರೆ ಬರೆದಿಟ್ಟುಕೊಂಡು, ಮೊದಲು ನೆಗೆಟಿವ್ ತಂತಿಯನ್ನೂ ನಂತರ ಪಾಸಿಟಿವ್ ತಂತಿಯನ್ನೂ ಕಳಚಿ, ಬ್ಯಾಟರಿ, ತಟ್ಟೆ ಹಾಗೂ ಏರ್ ಫಿಲ್ಟರ್ ಡಬ್ಬಿಯನ್ನು ತೆಗೆಯಬೇಕು. ಕಾರು ನೆಲದ ಮೇಲೆಯೇ ಇರಲಿ, ಚಕ್ರಗಳಿಗೆ ತಡೆ ಇಟ್ಟಿರಲಿ. ಟ್ರಾಲಿ ಜಾಕಿನ ಮೇಲೆ ದಪ್ಪ ಮರದ ತುಂಡನ್ನಿಟ್ಟು ಗೇರ್‌ಬಾಕ್ಸಿನ ಭಾರವನ್ನು ಹೊರುವಷ್ಟು ಮಾತ್ರ ಎತ್ತಿದ ಮೇಲೆ ಬೋಲ್ಟುಗಳನ್ನು ಸಡಿಲಿಸಬೇಕು. ಮೌಂಟ್ ಹೊರಬಂದ ನಂತರ ಕಾರಿನ ಕೆಳಗೆ ಯಾರೂ ತೂರಬಾರದು. ಹೊಸ ಮೌಂಟಿನ ರಂಧ್ರಗಳು ಕೂಡದಿದ್ದರೆ ಬೋಲ್ಟನ್ನು ಬಲವಂತದಿಂದ ತಿರುಗಿಸದೆ, ಜಾಕನ್ನು ಕೂದಲೆಳೆಯಷ್ಟು ಏರಿಸಿ ಇಳಿಸಿ ಹೊಂದಿಸಿಕೊಳ್ಳಬೇಕು. ಎಲ್ಲ ಬೋಲ್ಟುಗಳೂ ಹೊಸವಾಗಿರಲಿ. ಬೆರಳಿನಿಂದಲೇ ಕೆಲವು ಸುತ್ತು ಹೋಗಲಿ. ಜಾಕನ್ನು ಇಳಿಸಿ ಭಾರ ರಬ್ಬರಿನ ಮೇಲೆ ಕುಳಿತ ನಂತರವೇ, ಸರ್ವಿಸ್ ಪುಸ್ತಕದಲ್ಲಿ ಹೇಳಿದ ಬಿಗಿತಕ್ಕೆ ಟಾರ್ಕ್ ರೆಂಚಿನಿಂದ (ಬಿಗಿತವನ್ನು ಅಳೆದು ತೋರಿಸುವ ಉಪಕರಣ) ಬಿಗಿ ಮಾಡಬೇಕು.

ಕಳಚಿದ್ದನ್ನೆಲ್ಲ ಜೋಡಿಸಿ, ಎಸಿ ಮತ್ತು ದೀಪಗಳನ್ನು ಆರಿಸಿ, ರೇಡಿಯೇಟರ್ ಫ್ಯಾನ್ ತಿರುಗುವವರೆಗೆ ಎಂಜಿನ್ನನ್ನು ಐಡಲ್‌ನಲ್ಲಿ, ಅಂದರೆ ಆಕ್ಸಿಲರೇಟರ್ ಒತ್ತದೆ, ಬಿಡಬೇಕು. ಬ್ಯಾಟರಿ ತೆಗೆದಿದ್ದರಿಂದ ಎಂಜಿನ್ನಿನ ಕಂಪ್ಯೂಟರ್ ಮರೆತ ಐಡಲ್ ವೇಗ ಇದರಿಂದ ನೆಲೆಗೊಳ್ಳುತ್ತದೆ, ಗೇರ್ ಆಯಿಲ್ ಕೂಡ ಬಿಸಿಯಾಗುತ್ತದೆ. ಎಂಜಿನ್ ನಿಲ್ಲಿಸಿ, ಕೈ ಸುಡದಷ್ಟು ಆರಿದ ಮೇಲೆ ಕಾರನ್ನು ನಾಲ್ಕು ಸ್ಟ್ಯಾಂಡುಗಳ ಮೇಲೆ ಸಮತಟ್ಟಾಗಿ ನಿಲ್ಲಿಸಬೇಕು.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಎಂಜಿನ್ ಆಯಿಲನ್ನು ಹೊರಬಿಡುವ ಡ್ರೇನ್ ಬೋಲ್ಟಿಗೆ 17 ಎಂಎಂ ಸ್ಪ್ಯಾನರ್ ಬೇಕಾದರೆ, ಗೇರ್‌ಬಾಕ್ಸಿನದಕ್ಕೆ ತಲೆಯಲ್ಲಿ ಚೌಕಾಕಾರದ ಗುಳಿಯಿದ್ದು, 3/8 ಇಂಚಿನ ರ್ಯಾಚೆಟ್ ಅದರೊಳಗೆ ನೇರವಾಗಿ ಕೂರುತ್ತದೆ. ಇವೆರಡನ್ನು ಅದಲುಬದಲು ಮಾಡಿದರೆ ಎಂಜಿನ್ ಬರಿದಾಗಿ, ಗೇರ್‌ಬಾಕ್ಸಿಗೆ ಆಯಿಲ್ ಹೆಚ್ಚಾಗುತ್ತದೆ. ಗೇರ್‌ಬಾಕ್ಸಿನ ಡಿಪ್‌ಸ್ಟಿಕ್ಕನ್ನು (ಆಯಿಲ್ ಮಟ್ಟ ನೋಡುವ ಕಡ್ಡಿ) ಮೊದಲೇ ಹೊರತೆಗೆದಿಟ್ಟರೆ ಗಾಳಿಯಾಡಿ ಆಯಿಲ್ ಬೇಗ ಸುರಿಯುತ್ತದೆ. ಬೋಲ್ಟಿನ ಮ್ಯಾಗ್ನೆಟ್‌ಗೆ ಕಾಡಿಗೆಯಂಥ ಕಪ್ಪು ಹಿಟ್ಟು ಅಂಟಿರುವುದು ಸಹಜ, ಒರೆಸಿದರೆ ಸಾಕು. ಬೆರಳಿಗೆ ಚುಚ್ಚುವ ಲೋಹದ ಚೂರುಗಳಿದ್ದರೆ ಕೆಲಸ ನಿಲ್ಲಿಸಿ ಅನುಭವಿ ಮೆಕ್ಯಾನಿಕ್‌ಗೆ ತೋರಿಸಬೇಕು. ಹೊಸ ವಾಷರ್ ಹಾಕಿ ಬೋಲ್ಟನ್ನು 49 ನ್ಯೂಟನ್ ಮೀಟರಿಗೆ ಬಿಗಿಯಬೇಕು.

ಒಂದು ಸಲಕ್ಕೆ ಹೊರಬರುವುದು ಸುಮಾರು 2.4 ಲೀಟರ್ ಮಾತ್ರ, ಉಳಿದದ್ದು ಟಾರ್ಕ್ ಕನ್ವರ್ಟರ್ (ಎಂಜಿನ್ನಿನ ಶಕ್ತಿಯನ್ನು ಆಯಿಲ್ ಮೂಲಕ ಗೇರ್‌ಬಾಕ್ಸಿಗೆ ದಾಟಿಸುವ ಭಾಗ) ಮುಂತಾದ ಒಳಭಾಗಗಳಲ್ಲೇ ನಿಲ್ಲುತ್ತದೆ. ಹಳೆಯ ಆಯಿಲನ್ನು ಅಳತೆಯ ಡಬ್ಬಿಗೆ ಸುರಿದು ನೋಡಿ, ಬಂದಷ್ಟನ್ನೇ ಉದ್ದ ಕೊಳವೆಯ ಆಲಿಕೆಯಿಂದ ಡಿಪ್‌ಸ್ಟಿಕ್ ರಂಧ್ರದ ಮೂಲಕ ತುಂಬಬೇಕು. ಹೋಂಡಾದ ಹಳೆಯ ಜ಼ಡ್-1 ಗೇರ್ ಆಯಿಲ್ ಇದ್ದ ಜಾಗಕ್ಕೆ ಈಗ ಅದರದೇ ಡಿಡಬ್ಲ್ಯೂ-1 ಆಯಿಲ್ ಬಳಸಬೇಕು; ಬೇರೆ ಬಗೆಯ ಆಟೊಮ್ಯಾಟಿಕ್ ಗೇರ್‌ಬಾಕ್ಸಾದ ಸಿವಿಟಿಯ ಆಯಿಲ್ ಇದಕ್ಕೆ ಸಲ್ಲ. ಕಾರನ್ನು ಇಳಿಸಿ, ಎಲ್ಲ ಗೇರುಗಳೂ ಬೀಳುವಂತೆ ಓಡಿಸಿ ಬಂದು ಇದೇ ಕೆಲಸವನ್ನು ಇನ್ನೆರಡು ಬಾರಿ ಮಾಡಿದರೆ ಬಹುಪಾಲು ಹಳೆಯ ಆಯಿಲ್ ಹೋಗಿರುತ್ತದೆ. ಒಟ್ಟು 8 ಲೀಟರ್ ಕೈಯಲ್ಲಿರಲಿ. ಯಂತ್ರದಿಂದ ಒತ್ತಡ ಕೊಟ್ಟು ಒಮ್ಮೆಲೇ ತೊಳೆಸುವುದಕ್ಕಿಂತ ಈ ನಿಧಾನದ ದಾರಿಯೇ ಮೇಲು ಎಂಬುದು ನನ್ನ ಅಭಿಪ್ರಾಯ.

ಕೊನೆಯ ಸಲ ಬಿಸಿಯಾದ ಎಂಜಿನ್ನನ್ನು ಸಮತಟ್ಟು ನೆಲದಲ್ಲಿ ನಿಲ್ಲಿಸಿ, 60ರಿಂದ 90 ಸೆಕೆಂಡುಗಳೊಳಗೆ ಡಿಪ್‌ಸ್ಟಿಕ್ ನೋಡಬೇಕು. ಆಯಿಲ್ ಎರಡು ಗೆರೆಗಳ ನಡುವೆ ಇರಬೇಕು. ರಾತ್ರಿ ಕೆಳಗೆ ರಟ್ಟು ಹಾಸಿಟ್ಟರೆ, ಡ್ರೇನ್ ಬೋಲ್ಟ್ ಸೋರುತ್ತಿದೆಯೇ ಎಂಬುದು ಬೆಳಗಾಗುವಷ್ಟರಲ್ಲಿ ಗೊತ್ತಾಗುತ್ತದೆ.