‘ಕಣ್ಣು ಮಂಜು’ ಅಂದರೆ ಸಾಲದು: ಡಾಕ್ಟರಿಗೆ ಇಂಗ್ಲಿಷಿನಲ್ಲಿ ಹೇಳುವುದು ಹೇಗೆ

ನಾನು ಬೆಂಗಳೂರಿನ ಒಂದು ಕಣ್ಣಾಸ್ಪತ್ರೆಯಲ್ಲಿ ಪೇಷೆಂಟುಗಳನ್ನು ಡಾಕ್ಟರ ರೂಮಿಗೆ ಕರೆದುಕೊಂಡು ಹೋಗುವ ಕೆಲಸದಲ್ಲಿದ್ದೇನೆ. ಡಾಕ್ಟರುಗಳಲ್ಲಿ ಕೆಲವರಿಗೆ ಕನ್ನಡ ಬರುವುದಿಲ್ಲ. ಮಂಡ್ಯದ ಕಡೆಯಿಂದ ಬಂದ ಅಜ್ಜಿಗೆ ಇಂಗ್ಲಿಷ್ ಬರುವುದಿಲ್ಲ. ನಡುವೆ ನಾನು. ಈಗೀಗ ಮಗಳ ಬಾಣಂತನಕ್ಕೆ ಅಂತ ಲಂಡನ್ನಿಗೋ ನ್ಯೂಜೆರ್ಸಿಗೋ ಹೋದ ಅತ್ತೆ, ಚಿಕ್ಕಮ್ಮಂದಿರೂ ಫೋನ್ ಮಾಡುತ್ತಾರೆ: "ಇದನ್ನ ಇಂಗ್ಲಿಷಲ್ಲಿ ಏನಂತ ಹೇಳ್ಬೇಕು ಕಣೇ?" ಅವರಿಗೆಲ್ಲ ಹೇಳುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ದೊಡ್ಡ ದೊಡ್ಡ ಕಾಯಿಲೆ ಹೆಸರು ಕಲಿತುಕೊಂಡು ಹೋಗಬೇಡಿ. ಕಾಯಿಲೆಗೆ ಹೆಸರು ಇಡುವುದು ಡಾಕ್ಟರ ಕೆಲಸ. ನಿಮಗೆ ಏನಾಗುತ್ತಿದೆ ಅನ್ನುವ ಸಣ್ಣ ಮಾತು ನಿಮ್ಮ ಕೆಲಸ. ಆ ಮಾತು ಸಿಗಬೇಕಾದರೆ ಮೊದಲು ಕನ್ನಡದಲ್ಲೇ ನಿಮ್ಮನ್ನು ನೀವು ಸ್ವಲ್ಪ ಕೆದಕಿ ಕೇಳಿಕೊಳ್ಳಬೇಕು.

ಮಂಜನ್ನೇ ತೆಗೆದುಕೊಳ್ಳಿ. ಹತ್ತು ಜನ ‘ಕಣ್ಣು ಮಂಜು’ ಅಂದರೆ ಹತ್ತು ಥರ ಇರುತ್ತದೆ. ನಾನು ಅವರನ್ನು ಗೋಡೆಯ ಕ್ಯಾಲೆಂಡರ್ ಮುಂದೆ ನಿಲ್ಲಿಸುತ್ತೇನೆ. ತಾರೀಕಿನ ಅಂಚು ಕಲಸಿಹೋದ ಹಾಗಿದೆಯಾ? ಹಾಗಿದ್ದರೆ ‘ಬ್ಲರ್ಡ್’. ಕಣ್ಣಿಗೂ ಕ್ಯಾಲೆಂಡರಿಗೂ ನಡುವೆ ಹೊಗೆ ನಿಂತ ಹಾಗಿದೆಯಾ? ಅದು ‘ಹೇಜ಼ಿ’ ಅಥವಾ ‘ಕ್ಲೌಡಿ’. ಪೊರೆ ಬೆಳೆದವರು ಹೆಚ್ಚಾಗಿ ಹೇಳುವುದು ಇದನ್ನೇ. ಅಂಚು ಸರಿಯಾಗಿದೆ, ಆದರೆ ಲೈಟು ಸಾಲದು ಅನ್ನಿಸುತ್ತದಾ? ‘ಡಿಮ್’. ಗೆರೆ ವಕ್ರವಾಗಿದೆಯಾ? ‘ಡಿಸ್ಟಾರ್ಟೆಡ್’, ಇಲ್ಲವೇ ಸುಲಭವಾಗಿ ‘ವೇವಿ’. ಸುತ್ತ ಎಲ್ಲ ಕಾಣುತ್ತದೆ, ನಟ್ಟ ನಡುವೆ ಮಾತ್ರ ಕಪ್ಪಾಗಿ ಅಳಿಸಿಹೋಗಿದೆಯಾ? ‘ಎ ಡಾರ್ಕ್ ಪ್ಯಾಚ್ ಇನ್ ದ ಮಿಡಲ್’.

ಗೆರೆ ವಕ್ರ ಅನ್ನುವುದನ್ನು ಮನೆಯಲ್ಲೇ ನೋಡಬಹುದು. ಒಂದು ಕಣ್ಣು ಮುಚ್ಚಿಕೊಂಡು ಕಿಟಕಿಯ ಸರಳನ್ನೋ ಬಾಗಿಲ ಚೌಕಟ್ಟನ್ನೋ ನೋಡಿ. ಆಮೇಲೆ ಇನ್ನೊಂದು ಕಣ್ಣಿನಲ್ಲಿ. ಆಸ್ಪತ್ರೆಯಲ್ಲಿ ಇದಕ್ಕೇ ಚೌಕ ಚೌಕದ ಒಂದು ಹಾಳೆ ಇರುತ್ತದೆ, ನಡುವೆ ಚುಕ್ಕೆ. ಸ್ವಿಟ್ಜರ್ಲೆಂಡಿನ ಕಣ್ಣಿನ ಡಾಕ್ಟರ್ ಮಾರ್ಕ್ ಆಮ್ಸ್ಲರ್ ಹೆಸರಿನಲ್ಲೇ ಅದನ್ನು ಆಮ್ಸ್ಲರ್ ಗ್ರಿಡ್ ಅನ್ನುತ್ತಾರೆ. ನೇರ ಗೆರೆ ಅಲೆ ಅಲೆಯಾಗಿ ಕಂಡರೆ ಕಣ್ಣಿನ ಹಿಂದಿನ ಪರದೆಯ ನಟ್ಟ ನಡುವೆ ತೊಂದರೆ ಇರಬಹುದು. ಅದನ್ನು ‘ಬ್ಲರ್ಡ್’ ಅಂತ ಸುಮ್ನೆ ಹೇಳಿಬಿಟ್ಟರೆ ಡಾಕ್ಟರು ಮೊದಲು ಕನ್ನಡಕದ ನಂಬರಿನ ಕಡೆ ಹೋಗುತ್ತಾರೆ.

‘ಎರಡೆರಡು ಕಾಣುತ್ತೆ’ ಅನ್ನುವವರಿಗೂ ಇದೇ ಒಂದು ಕಣ್ಣು ಮುಚ್ಚುವ ಆಟ. ಇಂಗ್ಲಿಷ್ ಸುಲಭ: ‘ಐ ಸೀ ಡಬಲ್’. ಆದರೆ ಡಾಕ್ಟರು ತಕ್ಷಣ ಕೇಳುವುದು ಬೇರೆ: ಒಂದು ಕಣ್ಣು ಮುಚ್ಚಿದರೆ ಹೋಗುತ್ತದಾ? ಹೋಗುತ್ತದೆ ಅಂದರೆ ಎರಡು ಕಣ್ಣು ಜೊತೆಯಾಗಿ ತಿರುಗುತ್ತಿಲ್ಲ, ಅಲ್ಲಿನ ಸ್ನಾಯು, ನರ ನೋಡಬೇಕು. ಮುಚ್ಚಿದರೂ ಎರಡೇ ಕಂಡರೆ ಆ ಒಂದು ಕಣ್ಣಿನೊಳಗೇ ಏನೋ ಇದೆ. ಹಾಗಾಗಿ ಮನೆಯಲ್ಲೇ ಮುಚ್ಚಿ ನೋಡಿಕೊಂಡು ಹೋಗಿ. ‘ಇಟ್ ಗೋಸ್ ಅವೇ ವೆನ್ ಐ ಕವರ್ ಒನ್ ಐ’ ಅಂತ ನೀವೇ ಹೇಳಿದರೆ ಅರ್ಧ ಕೆಲಸ ಮುಗಿಯಿತು.

ಈಗ ಮುಖ್ಯವಾದದ್ದು. ಕಣ್ಣ ಮುಂದೆ ಸೊಳ್ಳೆ, ನೂಲು, ಕಪ್ಪು ಚುಕ್ಕೆ ಓಡಾಡಿದರೆ ಅದು ‘ಫ್ಲೋಟರ್ಸ್’. ವಯಸ್ಸಾದವರಲ್ಲಿ ಇದು ಮಾಮೂಲಿ, ಹೆಚ್ಚಾಗಿ ಏನೂ ಆಗುವುದಿಲ್ಲ. ಆದರೆ ಇದ್ದಕ್ಕಿದ್ದ ಹಾಗೆ ಜಾಸ್ತಿಯಾದರೆ, ಮೂಲೆಯಲ್ಲಿ ಮಿಂಚು ಹೊಡೆದ ಹಾಗಾದರೆ, ಅಥವಾ ಒಂದು ಕಡೆಯಿಂದ ಪರದೆ ಎಳೆದ ಹಾಗೆ ಕತ್ತಲಾದರೆ, ಅಪಾಯಿಂಟ್‌ಮೆಂಟಿಗೆ ಕಾಯಬೇಡಿ. ಅವತ್ತೇ ಹೋಗಿ. ಮೂರು ಮಾತು ಬಾಯಿಪಾಠ ಮಾಡಿಕೊಳ್ಳಿ: ಸಡನ್ ಫ್ಲೋಟರ್ಸ್, ಫ್ಲ್ಯಾಶಸ್, ಕರ್ಟನ್. ಕಣ್ಣಿನ ಹಿಂದಿನ ಪದರ ಕಿತ್ತು ಬರುತ್ತಿರಬಹುದು. ಈ ಮೂರು ಮಾತು ಕೇಳಿದರೆ ಯಾವ ಊರಿನ ಕಣ್ಣಾಸ್ಪತ್ರೆಯವರೂ ಕಿವಿ ನೆಟ್ಟಗೆ ಮಾಡುತ್ತಾರೆ.

‘ಕಣ್ಣು ಕತ್ತಲೆ ಬಂತು’ ಅನ್ನುವುದು ನನಗೆ ಯಾವಾಗಲೂ ತಲೆನೋವಿನ ಮಾತು. ಥಟ್ಟನೆ ಎದ್ದು ನಿಂತಾಗ ಲೋಕವೆಲ್ಲ ಕಪ್ಪಾಗಿ, ಬಿದ್ದೇಬಿಡುತ್ತೀನಿ ಅನ್ನಿಸಿತಾ? ‘ಐ ಫೆಲ್ಟ್ ಫೇಂಟ್’ ಅನ್ನಿ. ಒಂದೇ ಕಣ್ಣು ಕೆಲವು ನಿಮಿಷ ಪೂರ್ತಿ ಕಾಣಿಸದೆ, ಆಮೇಲೆ ತಾನಾಗಿ ಸರಿಹೋಯಿತಾ? ‘ಐ ಲಾಸ್ಟ್ ವಿಷನ್ ಇನ್ ಒನ್ ಐ ಫಾರ್ ಎ ಫ್ಯೂ ಮಿನಿಟ್ಸ್’. ವಾಪಸ್ ಬಂತಲ್ಲ, ಬಿಡು ಅಂತ ಸುಮ್ಮನಾಗಬೇಡಿ. ಸ್ಟ್ರೋಕಿಗೆ ಮುಂಚೆ ಹೀಗೂ ಆಗುತ್ತದೆ. ಇದಕ್ಕೂ ಅವತ್ತೇ ಆಸ್ಪತ್ರೆಗೆ.

ನೋವು, ಉರಿ ವಿಷಯದಲ್ಲಿ ಕನ್ನಡದವರು ಪುಣ್ಯವಂತರು. ನಮ್ಮಲ್ಲಿ ಮಾತಿಗೆ ಬರವಿಲ್ಲ. ಉರಿ ಅಂದರೆ ಬರ್ನಿಂಗ್. ಮಣ್ಣು ಬಿದ್ದ ಹಾಗೆ ಅಂದರೆ ‘ಗ್ರಿಟಿ’. ಕಡಿತ ಅಂದರೆ ‘ಇಚಿಂಗ್’. ‘ಬೈಟಿಂಗ್’ ಅಂದುಬಿಟ್ಟರೆ ಏನು ಕಚ್ಚಿತು ಅಂತ ಹುಡುಕುತ್ತಾರೆ. ಸಿಡಿತ ‘ಥ್ರಾಬಿಂಗ್’. ಗೀಜಿಗೆ ‘ಡಿಸ್ಚಾರ್ಜ್’, ಅಂಟು ಇದ್ದರೆ ‘ಸ್ಟಿಕಿ’, ನೀರಾಗಿದ್ದರೆ ‘ವಾಟರಿ’. ಕಡಿತ ಜಾಸ್ತಿ ಅಂದರೆ ಡಾಕ್ಟರು ಅಲರ್ಜಿ ಯೋಚಿಸುತ್ತಾರೆ. ಮಣ್ಣು ಬಿದ್ದ ಹಾಗೆ, ಉರಿ ಅಂದರೆ ಕಣ್ಣು ಒಣಗಿದೆಯಾ ಅಂತ ನೋಡುತ್ತಾರೆ. ಎದುರಿನ ಗಾಡಿ ಲೈಟಿಗೆ ಕಣ್ಣು ಕುಕ್ಕಿದರೆ ‘ಗ್ಲೇರ್’. ಲೈಟಿನ ಸುತ್ತ ಬಣ್ಣದ ಬಳೆ ಕಂಡರೆ ‘ಹೇಲೋಸ್’. ಹೇಲೋಸ್ ಜೊತೆಗೆ ಕಣ್ಣು ಕೆಂಪಾಗಿ, ವಿಪರೀತ ನೋವು, ವಾಂತಿ ಇದ್ದರೆ ಮತ್ತೆ ಅವತ್ತೇ ಓಡಬೇಕಾದ ಕೇಸು.

ಇನ್ನು ಸೈಟ್. ನಮ್ಮ ಕಡೆ "ನಂಗೆ ಸೈಟ್ ಇದೆ" ಅಂದರೆ ಕನ್ನಡಕ ಬೇಕು ಅಂತ. (ಬೆಂಗಳೂರಿನಲ್ಲಿ ಇನ್ನೊಂದು ಸೈಟ್ ಇದ್ದವರೇ ಅದೃಷ್ಟವಂತರು.) ಲಂಡನ್ನಿನಲ್ಲಿ ‘ಐ ಹ್ಯಾವ್ ಸೈಟ್’ ಅಂದರೆ ಕಣ್ಣು ಕಾಣುತ್ತದೆ ಅಂತ ಆಗಿಬಿಡುತ್ತದೆ! ದೂರದ್ದು ಕಾಣದಿದ್ದರೆ ಅಲ್ಲಿ ‘ಶಾರ್ಟ್ ಸೈಟೆಡ್’, ಅಮೆರಿಕದಲ್ಲಿ ‘ನಿಯರ್ ಸೈಟೆಡ್’. ‘ಪವರ್ ಏರಿದೆ’ ಅನ್ನುವುದೂ ನಮ್ಮಲ್ಲೇ ಜಾಸ್ತಿ, ಅಲ್ಲಿ ‘ಮೈ ಪ್ರಿಸ್ಕ್ರಿಪ್ಷನ್ ಹ್ಯಾಸ್ ಚೇಂಜ್ಡ್’ ಅನ್ನಿ. ದೂರದ್ದು ಸರಿಯಾಗಿ ಕಾಣುತ್ತದೆ ಅನ್ನಲು ಇಲ್ಲಿನ ಚೀಟಿಯಲ್ಲಿ 6/6 ಅಂತ ಇರುವುದನ್ನು ಅಮೆರಿಕದಲ್ಲಿ 20/20 ಅಂತ ಬರೆಯುತ್ತಾರೆ. ನಮ್ಮದು ಮೀಟರ್, ಅವರದು ಅಡಿ, ಅಷ್ಟೇ ವ್ಯತ್ಯಾಸ. 6/12 ಅಂದರೆ ಅಲ್ಲಿ 20/40. ಇದು ಗೊತ್ತಿದ್ದರೆ ಹಳೇ ರಿಪೋರ್ಟ್ ತೋರಿಸುವಾಗ ಗಾಬರಿಯಾಗುವುದಿಲ್ಲ.

ವಾಕ್ಯ ಕಟ್ಟುವಾಗ ಒಂದೇ ಒಂದು ಉಪಾಯ. ಕನ್ನಡದಲ್ಲಿ ‘ನನಗೆ’ ಅಂತ ಶುರುವಾದರೆ, ಅಂದರೆ ‘ನನಗೆ ಕಾಣಿಸುತ್ತಿಲ್ಲ’, ‘ನನಗೆ ಕೇಳಿಸುತ್ತಿಲ್ಲ’, ಇಂಗ್ಲಿಷಿನಲ್ಲಿ ‘ಐ ಕಾಂಟ್ ಸೀ’, ‘ಐ ಕಾಂಟ್ ಹಿಯರ್’. ‘ನಾನು’ ಅಂತ ಶುರುವಾದರೆ, ‘ನಾನು ನೋಡಿದೆ, ನಾನು ಕೇಳಿದೆ’, ಆಗ ಹೆಚ್ಚಾಗಿ ‘ಲುಕ್’, ‘ಲಿಸನ್’ ಬರುತ್ತದೆ. ‘ಐ ಆಮ್ ನಾಟ್ ಸೀಯಿಂಗ್’ ಅಂದರೂ ಅರ್ಥವಾಗುತ್ತದೆ ಬಿಡಿ. ಮೂಗಿನ ವಿಷಯದಲ್ಲಿ ಮಾತ್ರ ಹುಷಾರು. ವಾಸನೆ ಗೊತ್ತಾಗುತ್ತಿಲ್ಲ ಅಂದರೆ ‘ಐ ಕಾಂಟ್ ಸ್ಮೆಲ್ ಎನಿಥಿಂಗ್’. ಬರೀ ‘ಐ ಸ್ಮೆಲ್’ ಅಂದರೆ ನಾನು ನಾರುತ್ತೀನಿ ಅಂತ!

‘ಬಾಯಿ ರುಚಿ ಇಲ್ಲ’ ಅನ್ನುವವರನ್ನು ನಾನು ಉಪ್ಪಿನಕಾಯಿ ನೆಕ್ಕಿದರೆ ಗೊತ್ತಾಗುತ್ತಾ ಅಂತ ಕೇಳುತ್ತೇನೆ. ಗೊತ್ತಾಗುತ್ತೆ, ಆದರೆ ಊಟ ಬೇಡ ಅಂದರೆ ‘ನೋ ಆಪಿಟೈಟ್’. ಅದೂ ಗೊತ್ತಾಗದಿದ್ದರೆ ‘ಐ ಕಾಂಟ್ ಟೇಸ್ಟ್’. ಕಿವಿ ಗುಂಯ್ ಅಂದರೆ ‘ರಿಂಗಿಂಗ್’ ಅಥವಾ ‘ಬಜ಼ಿಂಗ್’. ಒಂದು ಕಿವಿ ರಾತ್ರೋರಾತ್ರಿ ಕೇಳಿಸದೇ ಹೋದರೆ ಮೇಣ ಕಟ್ಟಿರಬೇಕು ಅಂತ ವಾರಗಟ್ಟಲೆ ಕೂರಬೇಡಿ, ಬೇಗ ತೋರಿಸಿ. ತಲೆ ಸುತ್ತಿಗೆ ‘ಡಿಜ಼ಿ’ ಒಂದೇ ಸಾಲದು: ಕೋಣೆ ಗಿರಗಿರ ತಿರುಗಿದರೆ ‘ಸ್ಪಿನಿಂಗ್’, ತಲೆ ಹಗುರಾದರೆ ‘ಲೈಟ್ ಹೆಡೆಡ್’, ನಡಿಗೆ ತೂರಾಡಿದರೆ ‘ಅನ್‌ಸ್ಟೆಡಿ’. ಹಾಸಿಗೆಯಲ್ಲಿ ಮಗ್ಗುಲು ಬದಲಿಸಿದಾಗ ತಿರುಗುತ್ತದೆ ಅಂದರೆ ಅದನ್ನೂ ಹೇಳಿ, ಡಾಕ್ಟರಿಗೆ ಅದು ದೊಡ್ಡ ಸುಳಿವು. ಜೋಮಿಗೆ ‘ಪಿನ್ಸ್ ಅಂಡ್ ನೀಡಲ್ಸ್’. ಮುಟ್ಟಿದರೂ ಗೊತ್ತಾಗದಿದ್ದರೆ ‘ನಂಬ್’.

ಹೋಗುವ ಮುಂಚೆ ಒಂದು ಚೀಟಿ ಬರೆದುಕೊಳ್ಳಿ. ಯಾವ ಕಣ್ಣು, ಯಾವಾಗಿನಿಂದ, ಇದ್ದಕ್ಕಿದ್ದ ಹಾಗಾ ನಿಧಾನವಾಗಿಯಾ, ಏನು ಮಾಡಿದರೆ ಹೆಚ್ಚು, ಏನು ಮಾಡಿದರೆ ಕಡಿಮೆ. ಮೊನ್ನೆ ಚಿಕ್ಕಮ್ಮನಿಗೆ ಬರೆಸಿದ್ದು ಹೀಗಿತ್ತು: ‘ರೈಟ್ ಐ. ಸಿನ್ಸ್ ಯುಗಾದಿ. ಸ್ಲೋಲಿ. ಕ್ಲೌಡಿ. ವರ್ಸ್ ಅಟ್ ನೈಟ್, ಗ್ಲೇರ್ ಫ್ರಂ ಕಾರ್ಸ್. ನೋ ಪೇನ್.’ ಯುಗಾದಿಯ ಜಾಗದಲ್ಲಿ ಏಪ್ರಿಲ್ ಅಂತ ತಿದ್ದಿಸಿದೆ. ಮಿಕ್ಕಿದ್ದೆಲ್ಲ ಹಾಗೇ ತೋರಿಸಿ ಬಂದರು. ಮುಂದಿನ ತಿಂಗಳು ಪೊರೆ ತೆಗೆಯುತ್ತಾರಂತೆ.