ಗುಂಬಜದೊಳಗೆ ಹ್ಯಾಮ್ ರೇಡಿಯೊ: ಗೊರಗೊರ ಸದ್ದು ನಿಲ್ಲಿಸಿದ್ದು

ಹ್ಯಾಮ್, ಅಂದರೆ ಹವ್ಯಾಸಿಗಳ ರೇಡಿಯೊ ತೋರಿಸಲು ಕಲಬುರಗಿಯ ಹಳೆಯ ಗುಂಬಜಿನ ದಪ್ಪ ಗೋಡೆಯ ಮ್ಯೂಸಿಯಂ ಕೋಣೆಯಲ್ಲಿ 40 ಮೀಟರ್ ಬ್ಯಾಂಡ್ (7 ಮೆಗಾಹರ್ಟ್ಸ್ ಸುತ್ತಲಿನ ತರಂಗಗಳು) ಹಾಕಿದರೆ ಎಸ್-ಮೀಟರ್ (ಸಿಗ್ನಲ್ ಬಲ ತೋರಿಸುವ ಮಾಪಕ) 9ಕ್ಕೇ ಅಂಟಿಕೊಂಡಿತ್ತು, ಬರೀ ಗೊರಗೊರ. ಎಲ್‌ಇಡಿ ದೀಪಗಳ ಮೇನ್ ಸ್ವಿಚ್ ತೆಗೆದರೆ 4ಕ್ಕೆ ಇಳಿಯಿತು. ಕಳ್ಳ ಸಿಕ್ಕ: ದೀಪಗಳಿಗೆ ಕರೆಂಟ್ ಕೊಡುವ ಡ್ರೈವರ್ ಸರ್ಕಿಟ್. ಆದರೆ ಪ್ರದರ್ಶನದ ಹೊತ್ತಿಗೆ ದೀಪ ಆರಿಸಲಾಗದು.

ಡೈಪೋಲ್ (ಎರಡು ತಂತಿಗಳ ಆಂಟೆನಾ) ಹೊರಗೆ, ಕಟ್ಟಡದಿಂದ 20 ಮೀಟರ್ ದೂರಕ್ಕೆ ಒಯ್ದೆವು. 7 ಮೀಟರ್ ಕಂಬಕ್ಕೆ ಬುಡದಲ್ಲಿ ಮರಳುಚೀಲ. ಸಂರಕ್ಷಿತ ಗೋಡೆಗೆ ಮೊಳೆ ಹೊಡೆಯುವಂತಿಲ್ಲ. ತಲೆಕೆಳಗಾದ ‘ವಿ’ ಆಕಾರಕ್ಕೆ ಒಂದೊಂದು ಬದಿ 10.3 ಮೀಟರ್ ತಂತಿ. ಎಸ್‌ಡಬ್ಲ್ಯುಆರ್ (ಆಂಟೆನಾ ಎಷ್ಟು ಹೊಂದಿದೆ ಎನ್ನುವ ಅಳತೆ; ಕಡಿಮೆ ಇದ್ದಷ್ಟೂ ಒಳ್ಳೆಯದು) 6.95 ಮೆಗಾಹರ್ಟ್ಸ್‌ನಲ್ಲಿ ಕನಿಷ್ಠ ಬಂತು. ತುದಿ ಕತ್ತರಿಸದೆ ಎರಡೂ ಕಡೆ 22 ಸೆಂ.ಮೀ. ಮಡಚಿ ಹೊಸೆದರೆ ಬೇಕಿದ್ದ 7.1 ಮೆಗಾಹರ್ಟ್ಸ್ ಸಿಕ್ಕಿತು.

ಆದರೂ ಸದ್ದು ಪೂರ್ತಿ ಹೋಗಲಿಲ್ಲ. ರೇಡಿಯೊದಿಂದ ಆಂಟೆನಾಕ್ಕೆ ಹೋಗುವ ಕೋಆಕ್ಸ್ ಕೇಬಲ್ಲಿನ ಹೊರಮೈಯೇ ಅದನ್ನು ಕಟ್ಟಡದೊಳಗಿನಿಂದ ಆಂಟೆನಾಕ್ಕೆ ಒಯ್ಯುತ್ತಿತ್ತು. ದೊಡ್ಡ ಫೆರೈಟ್ (ಕಾಂತೀಯ ವಸ್ತು) ರಿಂಗಿಗೆ ಅದೇ ಕೇಬಲ್ 12 ಸುತ್ತು ಸುತ್ತಿ ಫೀಡ್‌ಪಾಯಿಂಟಿನಲ್ಲಿ (ಕೇಬಲ್ ಆಂಟೆನಾ ಸೇರುವಲ್ಲಿ) ಕಟ್ಟಿ, ರೇಡಿಯೊಗೆ ಅಡಾಪ್ಟರ್ ಬದಲು 12 ವೋಲ್ಟ್ ಬ್ಯಾಟರಿ ಕೊಟ್ಟ ಮೇಲೆ ಮಾತು ಸ್ಪಷ್ಟ. ಪವರ್ 20 ವ್ಯಾಟ್ ಸಾಕು.

ಪ್ರಸಾರ ಪರವಾನಗಿದಾರರದ್ದೇ. ಮಕ್ಕಳಿಗೆ ಮೋರ್ಸ್ ಕೀ (ಚುಕ್ಕೆ-ಗೆರೆ ಸಂಕೇತ ಒತ್ತುವ ಕೀಲಿ), ಬಜರ್, 9 ವೋಲ್ಟ್ ಸೆಲ್ ಇಟ್ಟರೆ ಸಾಕು, ಮೇಜು ಬಿಟ್ಟು ಕದಲುವುದಿಲ್ಲ.