ಹೊಸ ಎಂ5 ಓಡಿಸುವ ಮುನ್ನ ಬ್ಯಾಟರಿ ಕಡೆ ನೋಡಿ

2024ರಲ್ಲಿ ಬಂದ ಬಿಎಂಡಬ್ಲ್ಯೂ ಎಂ5 ಪ್ಲಗ್-ಇನ್ ಹೈಬ್ರಿಡ್ ಕಾರು, ಅಂದರೆ ಪೆಟ್ರೋಲ್ ಇಂಜಿನ್ ಜೊತೆಗೆ ಪ್ಲಗ್ ಹಾಕಿ ಚಾರ್ಜ್ ಮಾಡುವ ಬ್ಯಾಟರಿಯೂ ಇದೆ. ಬಾನೆಟ್ ಕೆಳಗೆ 4.4 ಲೀಟರ್ ಟ್ವಿನ್ ಟರ್ಬೊ ವಿ8, ಗೇರ್‌ಬಾಕ್ಸ್ ಒಳಗೆ ಎಲೆಕ್ಟ್ರಿಕ್ ಮೋಟಾರ್. ಇಂಜಿನ್ನಿನದು 585 ಎಚ್‌ಪಿ, ಮೋಟಾರಿನದು 197, ಎರಡೂ ಸೇರಿ ಗರಿಷ್ಠ 727 (ಎರಡರ ಗರಿಷ್ಠವೂ ಒಂದೇ ಹೊತ್ತಿಗೆ ಬರುವುದಿಲ್ಲ, ಹಾಗಾಗಿ ಇದು ಬರೀ ಕೂಡಿದ ಲೆಕ್ಕ ಅಲ್ಲ). ಟಾರ್ಕ್, ಅಂದರೆ ಚಕ್ರ ತಿರುಗಿಸುವ ಬಲ, 1000 ಎನ್‌ಎಂ. ಬ್ಯಾಟರಿ ಖಾಲಿ ಮಾಡಿಕೊಂಡು ಓಡಾಡಿದರೆ ಇದರಲ್ಲಿ ಒಂದು ಪಾಲು ಕೈಗೇ ಸಿಗುವುದಿಲ್ಲ.

ಹಾಗಾಗಿ ರಾತ್ರಿ ಮನೆಗೆ ಬಂದ ಕೂಡಲೇ ಚಾರ್ಜಿಗೆ ಹಾಕಿ. ಬಳಕೆಗೆ ಸಿಗುವುದು 18.6 ಯೂನಿಟ್, ಮನೆಯಲ್ಲಿ ವಾಲ್‌ಬಾಕ್ಸ್ (ಗೋಡೆಗೆ ಹಾಕುವ ಕಾರ್ ಚಾರ್ಜರ್) ಇದ್ದರೆ ಬೆಳಗಾಗುವ ಎಷ್ಟೋ ಮೊದಲೇ ತುಂಬಿರುತ್ತದೆ. ದಾರಿಯಲ್ಲಿ ಡಿಸಿ ಫಾಸ್ಟ್ ಚಾರ್ಜರ್ ಹುಡುಕಬೇಡಿ, ಈ ಕಾರಿಗೆ ಅದು ಆಗುವುದಿಲ್ಲ.

ಬೆಂಗಳೂರಿನ ಟ್ರಾಫಿಕ್‌ನಲ್ಲಿ ಎಲೆಕ್ಟ್ರಿಕ್ ಮೋಡ್ ಸಾಕು. ಗಂಟೆಗೆ 140 ಕಿ.ಮೀ. ವರೆಗೂ ಮೋಟಾರೊಂದೇ ಎಳೆಯುತ್ತದೆ. ಆದರೆ ಮುಂದೆ ಘಾಟಿ ರಸ್ತೆಯೋ ಟ್ರ್ಯಾಕೋ ಇದೆ ಅಂತ ಗೊತ್ತಿದ್ದರೆ ಊರು ಬಿಡುವಾಗಲೇ ಇ-ಕಂಟ್ರೋಲ್ ಮೋಡ್‌ಗೆ ಹಾಕಿ, ಅದು ಬ್ಯಾಟರಿಯಲ್ಲಿ ಇರುವ ಚಾರ್ಜನ್ನು ಉಳಿಸಿಕೊಡುತ್ತದೆ.

ಜಾಸ್ತಿ ಜನ ಗಮನಿಸದ ವಿಷಯ ಇಂಜಿನ್ ಆಯಿಲ್. ಅರ್ಧ ಗಂಟೆ ಎಲೆಕ್ಟ್ರಿಕ್‌ನಲ್ಲೇ ಬಂದಿದ್ದೀರಿ, ಸ್ಪೀಡೋಮೀಟರ್ ಓಡುತ್ತಿದೆ, ಕ್ಯಾಬಿನ್ ತಣ್ಣಗಿದೆ, ಎಲ್ಲ ಸರಿ ಅನ್ನಿಸುತ್ತದೆ; ಆದರೆ ವಿ8 ಇನ್ನೂ ಎದ್ದೇ ಇಲ್ಲ, ಅದರ ಆಯಿಲ್ ಬಿಸಿಯಾಗಿಲ್ಲ, ಆಗ ಒಮ್ಮೆಲೇ ಆಕ್ಸಿಲರೇಟರ್ ತಳಕ್ಕೆ ಒತ್ತಿದರೆ ತಣ್ಣನೆಯ ಇಂಜಿನ್ ಮೇಲೆ ಪೂರ್ತಿ ಭಾರ ಹೇರಿದಂತೆ ಅಲ್ವಾ? ಜೋರಾಗಿ ಓಡಿಸುವ ಮೊದಲು ಹೈಬ್ರಿಡ್ ಮೋಡ್‌ನಲ್ಲಿ ಇಂಜಿನ್ ಆನ್ ಆಗಿ, ಮೆಲ್ಲಗೆ ಬಿಸಿಯಾಗಲು ಬಿಡಿ. ಪೆಟ್ರೋಲ್ ಕೂಡ ಸಾದಾ ಬೇಡ, 98 ಆಕ್ಟೇನ್ ಮೇಲಿನದು ಹಾಕಿಸಿ. ಇಂಡಿಯನ್ ಆಯಿಲ್‌ನ ಎಕ್ಸ್‌ಪಿ 100 ಸಿಕ್ಕರೆ ಅದೇ ಸರಿ.

ಟ್ರ್ಯಾಕ್‌ನಲ್ಲಿ ಡೈನಾಮಿಕ್ ಪ್ಲಸ್ ಮೋಡ್ ಸ್ವಲ್ಪ ಹೊತ್ತಿಗೆ ಮಾತ್ರ, ಒಂದು ಲ್ಯಾಪ್‌ನಲ್ಲಿ ಎಲ್ಲವನ್ನೂ ಸುರಿಯಬೇಕಾದಾಗ. ಸುತ್ತು ಮೇಲೆ ಸುತ್ತು ಹಾಕುವುದಾದರೆ ಡೈನಾಮಿಕ್ ಮೋಡ್ ಒಳ್ಳೆಯದು, ಶಕ್ತಿ ಕೊನೆವರೆಗೂ ಒಂದೇ ಸಮ ಸಿಗುತ್ತದೆ. ಹಿಂದಿನ ಚಕ್ರಗಳಿಗೆ ಮಾತ್ರ ಶಕ್ತಿ ಕಳಿಸುವ 2ಡಬ್ಲ್ಯೂಡಿ ಮೋಡ್‌ನಲ್ಲಿ ಕಾರು ಜಾರದಂತೆ ಹಿಡಿಯುವ ಸ್ಟೆಬಿಲಿಟಿ ಕಂಟ್ರೋಲ್ ಇರುವುದಿಲ್ಲ. ಸಾರ್ವಜನಿಕ ರಸ್ತೆಯಲ್ಲಿ ಅದನ್ನು ಮುಟ್ಟಲೇಬೇಡಿ.

ತೂಕ ಮರೆಯಬೇಡಿ. ಕಾರು 2,400 ಕಿಲೋ ದಾಟುತ್ತದೆ. ಸೊನ್ನೆಯಿಂದ 100ಕ್ಕೆ 3.5 ಸೆಕೆಂಡ್ ಬೇಕು. ಬ್ಯಾಟರಿ ಇಲ್ಲದ ಹಳೆಯ ಎಂ5 ಕಾಂಪಿಟಿಷನ್ 3.3ರಲ್ಲೇ ಮುಗಿಸುತ್ತಿತ್ತು. ನನ್ನ ಮಟ್ಟಿಗೆ ಇದು ಸೋಲಲ್ಲ, ಮೋಟಾರ್ ಕೊಡುವ ತಕ್ಷಣದ ಎಳೆತ ದಿನನಿತ್ಯದ ಓಡಾಟದಲ್ಲಿ ಬಹಳ ಖುಷಿ ಕೊಡುತ್ತದೆ. ಆದರೆ ಇಷ್ಟು ತೂಕ ನಿಲ್ಲಿಸಬೇಕಾದದ್ದು ಬ್ರೇಕೇ. ತಿರುವಿಗೆ ಹಳೆಯ ಕಾರಿಗಿಂತ ಮುಂಚೆಯೇ ಬ್ರೇಕ್ ಹಿಡಿಯಿರಿ. ಟೈರ್ ಗಾಳಿಯನ್ನು ತಣ್ಣಗಿರುವಾಗ ಪರೀಕ್ಷಿಸಿ. ಮುಂದೆ 20 ಇಂಚು, ಹಿಂದೆ 21 ಇಂಚಿನ ಚಕ್ರ, ಹೊಸ ಟೈರ್ ಕೊಳ್ಳುವಾಗ ಎರಡೂ ಬೇರೆ ಅಳತೆ ಅನ್ನುವುದು ನೆನಪಿರಲಿ.

ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇಯಲ್ಲಿ ಮಿತಿ 100, ಕ್ಯಾಮೆರಾಗಳೂ ಇವೆ. ವೇಗ ನೋಡಲೇಬೇಕು ಅನಿಸಿದರೆ ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೈ ಟ್ರ್ಯಾಕ್‌ಗೋ ಕೊಯಮತ್ತೂರಿನ ಕರಿ ಸ್ಪೀಡ್‌ವೇಗೋ ಹೋಗಿ. ಅಲ್ಲಿ ಕೊನೆಯ ಸುತ್ತನ್ನು ಮೆಲ್ಲಗೆ ಹಾಕಿ, ಬ್ರೇಕ್, ಟರ್ಬೊ ತಣಿದ ಮೇಲೆ ಇಂಜಿನ್ ಆಫ್ ಮಾಡಿ.